ಇಳಕಲ್ ಸೆರಗು ಮತ್ತು ಜೆಪೆಗ್

ಕಳೆದ ವಾರ ಬಾಗಲಕೋಟೆಯ ನಮ್ಮ ಮನೆಯಲ್ಲಿ ಅಜ್ಜಿಯ ಚಂದ್ರಕಾಳಿ ಇಳಕಲ್ ಸೀರೆಯನ್ನು ಕಿಟಕಿಯ ಬೆಳಕಿಗೆ ಹರವಿ, ಬಿಳಿ ತೆನೆ ವಿನ್ಯಾಸದ ಕೆಂಪು ಸೆರಗಿನ ಫೋಟೊ ತೆಗೆದು, ಬೆಳಗಾವಿಯಲ್ಲಿರುವ ಅತ್ತೆಗೆ ಮೊಬೈಲಿನಲ್ಲಿ ಕಳುಹಿಸಿದೆ. "ತೆನಿ ಎಲ್ಲಾ ಕಲಸಿದಾಂಗ ಕಾಣತೈತಿ, ಸೀರಿ ಬಣ್ಣ ಬಿಟ್ಟೈತೇನು?" ಎಂದು ಅವರು ಕೇಳಿದರು. ಸೀರೆಯ ಬಣ್ಣ ಗಟ್ಟಿಯಾಗಿಯೇ ಇದೆ. ಬಣ್ಣ ಬಿಟ್ಟದ್ದು ಜೆಪೆಗ್ ಕಡತ, ಅಂದರೆ ಫೋಟೊವನ್ನು ಕಡಿಮೆ ಜಾಗದಲ್ಲಿ ಅಡಕಮಾಡಿ ಉಳಿಸುವ ಕಡತ.

1.2 ಕೋಟಿ ಪಿಕ್ಸೆಲ್‌ಗಳ ಒಂದು ಚಿತ್ರವನ್ನು, ಪಿಕ್ಸೆಲ್‌ಗೆ 3 ಬೈಟ್‌ನಂತೆ, ಇದ್ದಂತೆಯೇ ಉಳಿಸಲು 36 ಎಂಬಿ ಬೇಕು. ನನ್ನ ಫೋನಿನಲ್ಲಿ ಅದು ಕೂತಿದ್ದು ನಾಲ್ಕೇ ಎಂಬಿಯಲ್ಲಿ. ಈ ಉಳಿತಾಯಕ್ಕಾಗಿ 1992ರ ಜೆಪೆಗ್ ಮಾನಕವು ನಮ್ಮ ಕಣ್ಣಿನ ದೌರ್ಬಲ್ಯವನ್ನೇ ನೆಚ್ಚಿಕೊಂಡಿದೆ. ಬೆಳಕು ನೆರಳಿನ ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸುವಷ್ಟು ಚುರುಕಾಗಿ ಕಣ್ಣು ಬಣ್ಣದ ವ್ಯತ್ಯಾಸವನ್ನು ಗುರುತಿಸಲಾರದು. ಆದ್ದರಿಂದ ಚಿತ್ರವನ್ನು ಹೊಳಪಿನ ಒಂದು ಪದರ, ಬಣ್ಣದ ಎರಡು ಪದರಗಳಾಗಿ ಬಿಡಿಸಿ, ಹೊಳಪನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಂಡು, ಬಣ್ಣವನ್ನು ಮಾತ್ರ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಸರಾಸರಿಯಂತೆ ಇಡಲಾಗುತ್ತದೆ. ಗೋಳಗುಮ್ಮಟದ ಬೂದು ಗೋಡೆಯ ಚಿತ್ರದಲ್ಲಿ ಇದು ಯಾರಿಗೂ ತಿಳಿಯದು. ಕೆಂಪು ಸೆರಗಿನ ಪಾಡು ಬೇರೆ. ಹೊಳಪಿನ ಲೆಕ್ಕದಲ್ಲಿ ಹಸಿರಿನ ಪಾಲು 0.587 ಇದ್ದರೆ ಕೆಂಪಿನದು 0.299 ಮಾತ್ರ, ಹೀಗಾಗಿ ಅಚ್ಚ ಕೆಂಪಿಗೆ 255ರಲ್ಲಿ ಸುಮಾರು 76ರಷ್ಟೇ ಹೊಳಪು ದಕ್ಕಿ, ಉಳಿದ ಗುರುತೆಲ್ಲ ಆ ಸರಾಸರಿಯಾದ ಬಣ್ಣದ ಪದರಗಳ ಪಾಲಾಗುತ್ತದೆ. ಪರದೆಯಲ್ಲಿ ಹಿಗ್ಗಿಸಿ ನೋಡಿದಾಗ, ಕಪ್ಪು ಒಡಲಿಗೆ ಸೆರಗು ಕೂಡುವ ಕೊಂಡಿಯ ಸಾಲಿನಲ್ಲಿ ಕೆಂಪು ಒಂದೆರಡು ಪಿಕ್ಸೆಲ್ ಆಚೆ ಹರಿದಿತ್ತು, ಬಿಳಿ ತೆನೆಗಳ ಅಂಚು ಗುಲಾಬಿಗೆ ತಿರುಗಿತ್ತು.

ಅನಂತರ ಪ್ರತಿ ಪದರವನ್ನು 8×8ರ ಚೌಕಗಳಾಗಿ ಕತ್ತರಿಸಿ, ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತದಿಂದ ಅದರ 64 ಬೆಲೆಗಳನ್ನು ನಿಧಾನ ಮತ್ತು ತೀವ್ರ ಏರಿಳಿತಗಳ 64 ಪ್ರಮಾಣಗಳಾಗಿ ಮಾರ್ಪಡಿಸಲಾಗುತ್ತದೆ. 1974ರಲ್ಲಿ ಸಹೋದ್ಯೋಗಿಗಳೊಂದಿಗೆ ಇದನ್ನು ಪ್ರಕಟಿಸಿದ ನಾಸಿರ್ ಅಹ್ಮದ್ ಬೆಂಗಳೂರಿನಲ್ಲಿ ಹುಟ್ಟಿದವರು. ಎಂಜಿನಿಯರಿಂಗ್ ಓದುವಾಗ ಈ ಸಂಗತಿಯನ್ನು ನನಗೆ ಯಾರೂ ಹೇಳಲಿಲ್ಲ. ನಿಜವಾದ ನಷ್ಟವಾಗುವುದು ಆ ಪ್ರಮಾಣಗಳನ್ನು ಮೊದಲೇ ಗೊತ್ತುಮಾಡಿದ ಒಂದು ಕೋಷ್ಟಕದ ಅಂಕಿಗಳಿಂದ ಭಾಗಿಸಿ ಪೂರ್ಣಾಂಕಕ್ಕೆ ತರುವಾಗ: ಭಾಜಕ 99 ಇದ್ದಲ್ಲಿ 40 ಸೊನ್ನೆಯಾಗುತ್ತದೆ, ಆ ಸೊನ್ನೆಯಿಂದ 40 ಮರಳಿ ಹುಟ್ಟದು.

ಸಂದೇಶದ ಆ್ಯಪ್ ಚಿತ್ರವನ್ನು ಕುಗ್ಗಿಸಿ ಇದನ್ನೆಲ್ಲ ಇನ್ನೊಮ್ಮೆ ಮಾಡಿತ್ತು. ಮೂಲ ಕಡತವನ್ನೇ ಡಾಕ್ಯುಮೆಂಟ್ ಆಗಿ ಕಳುಹಿಸಿದ ಮೇಲೆ ಅತ್ತೆಯ ಫೋನ್ ಬಂತು. ಮೂರನೆಯ ತೆನೆಯ ಪಕ್ಕದಲ್ಲಿ ಒಂದು ರಫೂ ಇದೆಯಂತೆ, ಅದನ್ನು ಮದುವೆಗೆ ಮುಂಚೆ ಅವರೇ ಹಾಕಿದ್ದಂತೆ. ಸೀರೆಯನ್ನು ಕೈಯಲ್ಲಿ ಹಿಡಿದಿದ್ದರೂ ನನಗದು ಕಂಡಿರಲಿಲ್ಲ.