ಮಾಫಟ್ ಸುರಂಗದ ಬಳಿ ಗೂಡ್ಸ್ ರೈಲಿಗೆ ಕಾಯುವುದಾದರೆ

ಅಮೆರಿಕದ ಕೊಲರಾಡೋದ ಮಾಫಟ್ ರೈಲು ಸುರಂಗಕ್ಕೆ ಕ್ಯಾಮೆರಾ ಹಿಡಿದು ಹೊರಡುವವರು ಬೆಳಿಗ್ಗೆ ಬೇಗ ಅಲ್ಲಿರಬೇಕು. ಸುರಂಗದ ಪೂರ್ವದ ಬಾಯಿಗೆ ಎಳೆಬಿಸಿಲು ನೇರವಾಗಿ ಬೀಳುತ್ತದೆ. ಒಳಗಿಂದ ಬರುವ ಇಂಜಿನ್ನಿನ ಮೂತಿಗೂ ಅದೇ ಬೆಳಕು. ಮಧ್ಯಾಹ್ನದ ಮೇಲೆ ಸೂರ್ಯ ಬೆಟ್ಟದ ಕಡೆ ವಾಲಿದರೆ ಆ ಜಾಗವೆಲ್ಲ ನೆರಳು.

ಡೆನ್ವರ್ ಕಡೆಯಿಂದ ಹೋಗುವವರು ಮೊದಲು ರೋಲಿನ್ಸ್‌ವಿಲ್ ತಲುಪಬೇಕು. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 13 ಕಿ.ಮೀ. ಜಲ್ಲಿ ರಸ್ತೆ. ಪೆಟ್ರೋಲ್, ನೀರು, ಊಟ ಮೊದಲೇ ಇಟ್ಟುಕೊಳ್ಳಿ, ಮೊಬೈಲ್ ಸಿಗ್ನಲ್ ನಂಬಬೇಡಿ. ಜಾಗ ಸುಮಾರು 2,800 ಮೀಟರ್ ಎತ್ತರದಲ್ಲಿದೆ, ನಾಲ್ಕು ಹೆಜ್ಜೆ ಜೋರಾಗಿ ನಡೆದರೂ ಏದುಸಿರು ಬರುತ್ತದೆ. ಬೇಸಿಗೆಯಲ್ಲೂ ಬೆಚ್ಚನೆಯ ಜಾಕೆಟ್ ಬೇಕು.

ಈ ಸುರಂಗದಲ್ಲಿ ರೈಲು ಓಡಾಟ ಶುರುವಾಗಿದ್ದು 1928ರಲ್ಲಿ. ಉದ್ದ ಸುಮಾರು 10 ಕಿ.ಮೀ. ಅದಕ್ಕೂ ಮುಂಚೆ ರೈಲುಗಳು ರೋಲಿನ್ಸ್ ಪಾಸ್ ಎಂಬ ಬೆಟ್ಟದ ದಾರಿ ಹತ್ತಿ, ಹಿಮದಲ್ಲಿ ಸಿಕ್ಕಿಹಾಕಿಕೊಂಡು ಒದ್ದಾಡುತ್ತಿದ್ದವು. ಇಷ್ಟುದ್ದದ ಸುರಂಗದಲ್ಲಿ ಡೀಸೆಲ್ ಹೊಗೆ ತಾನಾಗಿ ಹೋಗುವುದಿಲ್ಲ ಅಲ್ವಾ? ಅದಕ್ಕೇ ಪೂರ್ವದ ಬಾಯಿಗೆ ಪರದೆ ಇಳಿಸಿ, ದೊಡ್ಡ ಫ್ಯಾನ್‌ಗಳಿಂದ ಗಾಳಿ ನುಗ್ಗಿಸುತ್ತಾರೆ. ಹೊಗೆ ಹೋಗುವ ತನಕ ಹಿಂದೆ ಬರುವ ರೈಲು ಕಾಯಲೇಬೇಕು. ಹಾಗಾಗಿ ಒಂದು ಹೋದ ಕೂಡಲೇ ಇನ್ನೊಂದು ಬರುತ್ತದೆ ಅಂತ ನಿಲ್ಲಬೇಡಿ, ಆ ಬಿಡುವಿನಲ್ಲಿ ತಿಂಡಿ ಮುಗಿಸಿ. ಈಗ ಕಲ್ಲಿದ್ದಲು ರೈಲುಗಳೂ ಮೊದಲಿನಷ್ಟಿಲ್ಲ. ಇಡೀ ದಿನ ಕೈಯಲ್ಲಿಟ್ಟುಕೊಂಡೇ ಬನ್ನಿ.

ಡೆನ್ವರ್ ಕಡೆಯಿಂದ ಬರುವ ಗೂಡ್ಸ್ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಏರು ಹತ್ತುವ ಇಂಜಿನ್‌ಗಳ ಗುಡುಗು ಕಣಿವೆ ತುಂಬ ಕೇಳುತ್ತದೆ, ಸಜ್ಜಾಗಲು ಬೇಕಾದಷ್ಟು ಸಮಯ ಸಿಗುತ್ತದೆ. ಸುರಂಗದಿಂದ ಬರುವುದು ಹಾಗಲ್ಲ. ಕತ್ತಲೊಳಗೆ ಮೊದಲು ಹಳಿಯ ಮೇಲ್ಮೈ ಮಿಂಚುತ್ತದೆ, ಆಮೇಲೆ ಹೆಡ್‌ಲೈಟ್. ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಆ ಕಪ್ಪು ಬಾಯನ್ನು ನೋಡಿ ಚಿತ್ರವನ್ನು ಬೆಳಗಿಸಿಬಿಡುತ್ತದೆ, ಯೂನಿಯನ್ ಪೆಸಿಫಿಕ್ ರೈಲು ಕಂಪನಿಯ ಇಂಜಿನ್ನಿನ ಹಳದಿ ಬಣ್ಣ ಸುಟ್ಟುಹೋಗುತ್ತದೆ. ಬಿಸಿಲು ಬಿದ್ದ ಕಾಂಕ್ರೀಟ್ ನೋಡಿ ಅಳತೆ ತೆಗೆದುಕೊಂಡು ಮ್ಯಾನುಯಲ್‌ನಲ್ಲಿ ಕಟ್ಟಿಹಾಕಿ.

ಮುಂದಿನ ಇಂಜಿನ್ ಹೋಯಿತು ಅಂತ ಕ್ಯಾಮೆರಾ ಒಳಗಿಡಬೇಡಿ. ರೈಲು ಒಂದೂವರೆ ಕಿ.ಮೀ.ಗಿಂತ ಜಾಸ್ತಿ ಉದ್ದ ಇರಬಹುದು, ಬಾಲದಲ್ಲಿ ಹೆಚ್ಚಾಗಿ ತಳ್ಳುವ ಇಂಜಿನ್ ಇರುತ್ತದೆ. ಪಶ್ಚಿಮಕ್ಕೆ ಹೋಗುವ ರೈಲಿನಲ್ಲಿ ಬೆಳಗಿನ ಬಿಸಿಲು ಬೀಳುವುದು ಆ ಹಿಂದಿನ ಇಂಜಿನ್ ಮೇಲೆಯೇ. ನನಗಂತೂ ಅದೇ ಹೆಚ್ಚು ಇಷ್ಟ.

ಹಳಿಯ ಮೇಲೆ, ಸುರಂಗದ ಬಾಯೊಳಗೆ ಕಾಲಿಡಲೇಬೇಡಿ. ಅದು ರೈಲ್ವೆಯ ಜಾಗ, ಅತಿಕ್ರಮಣ ಅಪರಾಧ. ಚಾರಣಿಗರ ಪಾರ್ಕಿಂಗ್ ಪಕ್ಕದಲ್ಲೇ ಇದೆ, 70–200 ಮಿ.ಮೀ. ಜೂಮ್ ಲೆನ್ಸ್ ಇದ್ದರೆ ದೂರದಿಂದಲೇ ಸಾಕು.

ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಸಿಡಿಲು ಮಳೆ ಸಾಮಾನ್ಯ. ಮೋಡ ಕಟ್ಟಿದರೆ ಕಾರಿಗೆ ಹೋಗಿ ಕೂರಿ. ತಿಳಿಯಾದರೆ ವಾಪಸ್ ಬರುವಾಗ ಟೋಲ್ಯಾಂಡ್ ಬಯಲಿನಲ್ಲಿ ನಿಲ್ಲಿ. ಏರಿ ಬರುವ ರೈಲಿನ ಮುಖಕ್ಕೆ ಸಂಜೆ ಬಿಸಿಲು ಸಿಗುವುದು ಅಲ್ಲಿ.