ರಾಜಗಡದಿಂದ ತೋರಣಾಕ್ಕೆ ಬೆಟ್ಟದ ಏಣಿನ ಮೇಲೆ: ಹೊರಡುವವರಿಗೆ ಕೆಲವು ಮಾತು

ಪುಣೆಯ ನೈಋತ್ಯಕ್ಕಿರುವ ರಾಜಗಡವನ್ನೂ ತೋರಣಾವನ್ನೂ ಬೇರೆ ಬೇರೆಯಾಗಿ ಹತ್ತಿಳಿದವರು ಇಲ್ಲಿನ ಕನ್ನಡಿಗರಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಆ ಎರಡು ಕೋಟೆಗಳನ್ನು ಜೋಡಿಸುವ ಬೆಟ್ಟದ ಏಣಿನ ಮೇಲೆ ನಡೆದು ಒಂದರಿಂದ ಇನ್ನೊಂದಕ್ಕೆ ಹೋಗುವುದು ಬೇರೆಯೇ ಬಗೆಯ ಪ್ರಯಾಣ. ಏಣಿನ ಮೇಲಿನ ನಡಿಗೆಗೇ ಆರರಿಂದ ಎಂಟು ಗಂಟೆ ಬೇಕು. ಕೆಲವೆಡೆ ಎರಡೂ ಬದಿಯಲ್ಲಿ ಕಣಿವೆ ತೆರೆದುಕೊಂಡಿರುತ್ತದೆ, ನಡುವೆ ನೆರಳು ಕಡಿಮೆ, ನಂಬಬಹುದಾದ ನೀರು ಇಲ್ಲವೇ ಇಲ್ಲ. ಧಾರವಾಡದಿಂದ ಬಂದ ಬಂಧುಗಳೊಡನೆ ಡಿಸೆಂಬರಿನಲ್ಲಿ ಈ ದಾರಿಯಲ್ಲಿ ನಡೆದು ಬಂದ ಮೇಲೆ, ಹೋಗಬೇಕೆಂದಿರುವವರಿಗೆ ಮೊದಲು ಹೇಳಬೇಕೆನಿಸುವುದು ಇಷ್ಟು: ದಿನವನ್ನು ಗೊತ್ತುಮಾಡುವ ಮೊದಲು ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳಿ.

ಸಾಹಸ ಚಟುವಟಿಕೆಗಳಿಗಾಗಿ ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಒಂದು ನೀತಿಯನ್ನು ತಂದಿದೆ. ಚಾರಣ ಏರ್ಪಡಿಸುವ ಸಂಸ್ಥೆಯ ಮೂಲಕ ಹೋಗುವುದಾದರೆ ಅದರ ನೋಂದಣಿಯ ವಿಷಯವನ್ನು ಸಂಕೋಚಪಡದೆ ಕೇಳಬೇಕು. ಆದರೆ ನೋಂದಣಿಯಷ್ಟೇ ಸಾಲದು. ಎಷ್ಟು ಜನರಿಗೆ ಒಬ್ಬ ಮಾರ್ಗದರ್ಶಿ, ಸಾಲಿನ ಕೊನೆಯಲ್ಲಿ ನಡೆಯುವವರು ಯಾರು, ಹಗ್ಗ ಇರುತ್ತದೆಯೇ, ಮಧ್ಯದಲ್ಲಿ ಒಬ್ಬರಿಗೆ ಆಗದಿದ್ದರೆ ಅವರನ್ನು ಎಲ್ಲಿಂದ ಕೆಳಗಿಳಿಸುತ್ತೀರಿ ಎಂಬ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಬರಬೇಕು. ನಲವತ್ತು ಜನರನ್ನು ಬಸ್ಸಿನಲ್ಲಿ ತಂದು ಇಬ್ಬರು ಹುಡುಗರ ಕೈಗೊಪ್ಪಿಸುವ ವ್ಯವಸ್ಥೆಯಲ್ಲಿ ಈ ಏಣಿನ ಮೇಲೆ ಹೋಗುವುದು ನನ್ನ ದೃಷ್ಟಿಯಲ್ಲಿ ತಪ್ಪು, ದರ ಎಷ್ಟೇ ಕಡಿಮೆಯಿರಲಿ. ನಾವು ರಾಜಗಡದ ಬುಡದಲ್ಲಿರುವ ಗುಂಜವಣೆ ಎಂಬ ಊರಿನ ಒಬ್ಬ ಹಿರಿಯರನ್ನು ಕರೆದುಕೊಂಡೆವು; ಎಲ್ಲರೂ ಅವರನ್ನು ಮಾಮಾ ಎಂದೇ ಕರೆದೆವು. ಹೊರಡುವ ಹಿಂದಿನ ದಿನ ಅವರು ನಮ್ಮ ಬೂಟುಗಳನ್ನು ತಿರುವಿ ಅಡಿಭಾಗವನ್ನು ನೋಡಿದರು, ಯಾರ ಮೊಣಕಾಲಿಗೆ ನೋವಿದೆ ಎಂದು ಒಬ್ಬೊಬ್ಬರನ್ನೇ ಕೇಳಿದರು, ಮತ್ತು ಮಧ್ಯಾಹ್ನ ಹನ್ನೆರಡರೊಳಗೆ ನಡುವಿನ ಘಾಟ್ ರಸ್ತೆಯನ್ನು ಮುಟ್ಟದಿದ್ದರೆ ತೋರಣಾಕ್ಕೆ ಕರೆದೊಯ್ಯುವುದಿಲ್ಲವೆಂದು ಮೊದಲೇ ಹೇಳಿಬಿಟ್ಟರು. ಹಿಂತಿರುಗುವ ಹೊತ್ತನ್ನು ಹೊರಡುವ ಮೊದಲೇ ಹೇಳುವವರೇ ನಂಬತಕ್ಕ ಮಾರ್ಗದರ್ಶಿ.

ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಇದಕ್ಕೆ ಸೂಕ್ತ. ಮಳೆಗಾಲದಲ್ಲಿ ಸಹ್ಯಾದ್ರಿಯ ಕಪ್ಪು ಬಂಡೆಯ ಮೇಲೆ ಪಾಚಿ ಕಟ್ಟುತ್ತದೆ, ಮಂಜು ಇಳಿದರೆ ಹತ್ತು ಹೆಜ್ಜೆಯಾಚೆಗೆ ದಾರಿ ಕಾಣದು. ಮಾರ್ಚ್ ಕಳೆದರೆ ಬಿಸಿಲು. ಚಳಿಗಾಲದಲ್ಲಿಯೂ ಒಣ ಹುಲ್ಲು ಮತ್ತು ಅದರಡಿಯ ಸಡಿಲ ಮಣ್ಣು ಕಾಲನ್ನು ಜಾರಿಸುತ್ತವೆ ಎಂಬುದನ್ನು ಮರೆಯಬಾರದು.

ಯಾವ ಕಡೆಯಿಂದ ಆರಂಭಿಸಬೇಕೆಂಬುದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ನಾನು ರಾಜಗಡದಿಂದ ಆರಂಭಿಸುವುದೇ ಮೇಲೆಂದು ಹೇಳುತ್ತೇನೆ. ಕೋಟೆಯಿಂದ ಹೊರಚಾಚಿದ, ಗೋಡೆ ಕಟ್ಟಿ ಭದ್ರಪಡಿಸಿದ ಬೆಟ್ಟದ ಭಾಗವನ್ನು ಇಲ್ಲಿ ಮಾಚಿ ಎನ್ನುತ್ತಾರೆ. ತೋರಣಾದ ಬುಧಲಾ ಮಾಚಿಯ ಬಳಿಯ ಬಂಡೆಯ ಕಡಿದಾದ ಭಾಗ ಈ ದಾರಿಯ ಅತ್ಯಂತ ಕಠಿಣ ಜಾಗ. ಹತ್ತುವಾಗ ಕಾಲಿಡಬೇಕಾದ ಸ್ಥಳ ಕಣ್ಣೆದುರಿಗಿರುತ್ತದೆ, ಇಳಿಯುವಾಗ ಅದೇ ಸ್ಥಳವನ್ನು ಕಾಲಿನಿಂದ ತಡವಿ ಹುಡುಕಬೇಕಾಗುತ್ತದೆ. ಹೀಗೆ ಹೋದರೆ ಕಠಿಣ ಭಾಗ ದಣಿದ ಹೊತ್ತಿಗೆ, ಇಳಿಬಿಸಿಲು ಮುಖಕ್ಕೆ ಹೊಡೆಯುವಾಗ ಬರುತ್ತದೆ ಎಂಬುದೂ ನಿಜವೇ. ಆದ್ದರಿಂದಲೇ ಬೆಳಿಗ್ಗೆ ಬೇಗ ಹೊರಡುವುದು ಅತ್ಯಗತ್ಯ.

ರಾಜಗಡದ ಸಂಜೀವನಿ ಮಾಚಿ ಹಂತಹಂತವಾಗಿ ಪಶ್ಚಿಮಕ್ಕೆ ಚಾಚಿಕೊಂಡಿದೆ. ಅದರ ಜೋಡಿ ಗೋಡೆಯ ಬುರುಜುಗಳನ್ನು ನಿಂತು ನೋಡದೆ ಮುಂದೆ ಹೋಗಬೇಡಿ. ರಾಯಗಡಕ್ಕೂ ಮುಂಚೆ ಶಿವಾಜಿಯ ರಾಜಧಾನಿಯಾಗಿದ್ದ ಈ ಕೋಟೆ 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಮಾಚಿಯ ಬದಿಯ ಆಳು ದರವಾಜಾದಿಂದ ಹೊರಬಿದ್ದೊಡನೆ ಕಡಿದಾದ ಇಳಿಜಾರು ಶುರುವಾಗುತ್ತದೆ. ಇಲ್ಲಿ ಮಾಮಾ ನಮ್ಮನ್ನು ಒಬ್ಬೊಬ್ಬರಾಗಿ ಇಳಿಸಿದರು: ಬಂಡೆಗೆ ಮುಖ ಮಾಡಿ, ಎರಡು ಕೈ ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ಊರಿರುವಂತೆ ನೋಡಿಕೊಂಡು, ಹುಲ್ಲನ್ನು ಹಿಡಿಯದೆ ಕಲ್ಲನ್ನೇ ಹಿಡಿದು. ಮುಂದಿನವರು ಪೂರ್ತಿ ಇಳಿದು ಬದಿಗೆ ಸರಿಯುವವರೆಗೆ ಹಿಂದಿನವರು ಅಲುಗಬಾರದು, ಏಕೆಂದರೆ ಮೇಲಿನವರ ಕಾಲಿಗೆ ಸಿಕ್ಕು ಉರುಳುವ ಕಲ್ಲು ಕೆಳಗಿನವರ ತಲೆಗೆ ಬರುತ್ತದೆ.

ಅಲ್ಲಿಂದ ಮುಂದೆ ಏಣು ಏರುತ್ತ ಇಳಿಯುತ್ತ ಸಾಗುತ್ತದೆ, ಕೆಲವೆಡೆ ಕಾಡು ಸಿಗುತ್ತದೆ. ನೆಟ್ಟಗೆ ಏಣಿನ ತಲೆಯ ಮೇಲೆ ನಡೆಯುವುದಕ್ಕಿಂತ ಅದರ ಬದಿಯಲ್ಲಿ ಅಡ್ಡಲಾಗಿ ಕೊರೆದ ಕಾಲುದಾರಿಯಲ್ಲಿ ನಡೆಯುವಾಗಲೇ ಹೆಚ್ಚು ಎಚ್ಚರ ಬೇಕು. ಅಂಥಲ್ಲಿ ಚೀಲದ ಹೊರಗೆ ನೇತುಹಾಕಿದ ಚಾಪೆ, ಬಾಟಲಿಗಳು ಬಂಡೆಗೆ ತಾಗಿ ದೇಹವನ್ನು ಕಣಿವೆಯ ಕಡೆಗೆ ತಳ್ಳುತ್ತವೆ. ಎಲ್ಲವನ್ನೂ ಚೀಲದೊಳಗೇ ಇಡಿ. ಫೋಟೋ ತೆಗೆಯುವುದಿದ್ದರೆ ನಿಂತು ತೆಗೆಯಿರಿ. ಗಾಳಿ ಜೋರಾದಾಗ ಕುಳಿತುಬಿಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಊರಿನಿಂದ ಬರುವ ಬಂಧುಗಳಿಗೆ ಮರಾಠಿ ಬಾರದಿದ್ದರೆ ಇನ್ನೊಂದು ಸಿದ್ಧತೆ ಬೇಕು. ಮಾರ್ಗದರ್ಶಿಯ ಮಾತನ್ನು ಒಬ್ಬರು ಕನ್ನಡದಲ್ಲಿ ಹೇಳುವಷ್ಟು ಹೊತ್ತು ಅಂಥ ಜಾಗದಲ್ಲಿ ಇರುವುದಿಲ್ಲ, ಗಾಳಿಯಲ್ಲಿ ಅದು ಕೇಳಿಸುವುದೂ ಇಲ್ಲ. ನಿಲ್ಲು, ಕೂರು, ನಿಧಾನ, ಕಲ್ಲು ಬರುತ್ತಿದೆ ಎಂಬ ನಾಲ್ಕು ಸೂಚನೆಗಳನ್ನು ಮಾರ್ಗದರ್ಶಿಯ ಬಾಯಿಂದಲೇ ಹಿಂದಿನ ರಾತ್ರಿ ಎಲ್ಲರಿಗೂ ಕೇಳಿಸಿ, ಕೈಸನ್ನೆಯನ್ನೂ ಗೊತ್ತುಮಾಡಿಕೊಳ್ಳಿ. ನಮ್ಮ ದೊಡ್ಡಮ್ಮನ ಮಗಳು ಒಂದು ಕಿರಿದಾದ ಜಾಗದಲ್ಲಿ ಹೆಜ್ಜೆ ಎತ್ತಲಾರದೆ ನಿಂತಾಗ ಹಿಂದಿದ್ದವರೆಲ್ಲ ಧೈರ್ಯ ಹೇಳತೊಡಗಿದರು. ಮಾಮಾ ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿ, ಕಣಿವೆಯ ಬದಿಗೆ ತಾವು ನಿಂತು, ಆಕೆ ಕಾಲಿಡಬೇಕಾದ ಕಲ್ಲನ್ನು ಕೋಲಿನಿಂದ ತಟ್ಟಿ ತೋರಿಸಿದರು. ಹೆದರಿದವರಿಗೆ ಹಲವು ಧ್ವನಿಗಳ ಹುರಿದುಂಬಿಕೆಗಿಂತ ಒಂದು ಗಟ್ಟಿ ಕಲ್ಲಿನ ಗುರುತು ಹೆಚ್ಚು ನೆರವಾಗುತ್ತದೆ.

ತಲೆಗೆ ಮೂರರಿಂದ ನಾಲ್ಕು ಲೀಟರ್ ನೀರು ಇರಲಿ. ಹೆಜ್ಜೇನಿನ ಗೂಡುಗಳು ಬಂಡೆಗಳಲ್ಲಿ ಇರುವುದರಿಂದ ಸುಗಂಧ ಹಚ್ಚಿಕೊಳ್ಳಬೇಡಿ, ಹೊಗೆ ಎಬ್ಬಿಸಬೇಡಿ, ಕೂಗಾಡಬೇಡಿ. ಪೇಟೆಯ ಓಟದ ಬೂಟು ಇಲ್ಲಿ ಜಾರುತ್ತದೆ. ಅಡಿಭಾಗ ಮೃದು ರಬ್ಬರಿನದಾಗಿದ್ದು ಗೆರೆ ಆಳವಾಗಿರಬೇಕು.

ಎತ್ತರದ ಅಂಜಿಕೆ ಇದೆಯೋ ಇಲ್ಲವೋ ತಿಳಿಯದವರು ಮೊದಲು ಲೋಹಗಡಕ್ಕೆ ಹೋಗಿ ಬರುವುದು ಒಳ್ಳೆಯದು. ಪುಣೆ–ಲೋಣಾವಳಾ ಲೋಕಲ್ ರೈಲಿನಲ್ಲಿ ಮಳವಲಿಯಲ್ಲಿ ಇಳಿದರೆ ಸಾಕು. ಅಲ್ಲಿನ ವಿಂಚೂಕಾಟಾ ಎಂಬ ಉದ್ದನೆಯ ಕಿರಿದಾದ ಚಾಚು, ಈ ದಾರಿಯ ಸ್ವಭಾವವನ್ನು ಸಣ್ಣದರಲ್ಲಿ ತೋರಿಸುತ್ತದೆ. ಅಲ್ಲಿ ಕಾಲು ನಡುಗಿದವರು ಇಲ್ಲಿಗೆ ಬರುವುದನ್ನು ಮುಂದೂಡಬೇಕು.

ತೋರಣಾದಿಂದ ವೆಲ್ಹೆಗೆ ಇಳಿಯುವ ದಾರಿಯಲ್ಲಿ ಕಡಿದಾದ ಕಡೆ ಕಬ್ಬಿಣದ ಕಂಬಿ ಹಾಕಿದ್ದಾರೆ; ಆದರೂ ಕತ್ತಲಾಗುವ ಮೊದಲೇ ಇಳಿದುಬಿಡಿ, ಹಣೆಗೆ ಕಟ್ಟುವ ದೀಪ ಪ್ರತಿಯೊಬ್ಬರಲ್ಲೂ ಇರಲಿ. ವೆಲ್ಹೆಯಿಂದ ಪುಣೆಯ ಸ್ವಾರ್‌ಗೇಟ್‌ಗೆ ರಾಜ್ಯ ಸಾರಿಗೆಯ (ಎಸ್‌ಟಿ) ಬಸ್ಸುಗಳಿವೆ, ಕೊನೆಯ ಬಸ್ಸಿನ ಹೊತ್ತನ್ನು ಮೊದಲೇ ವಿಚಾರಿಸಿಡಿ. ಮಾರ್ಗದರ್ಶಿಯ ಊರು ಗುಂಜವಣೆ, ನಡಿಗೆ ಮುಗಿಯುವುದು ವೆಲ್ಹೆಯಲ್ಲಿ. ಆದ್ದರಿಂದ ಅವರು ರಾತ್ರಿ ಮನೆ ಸೇರಲು ಬೇಕಾದ ವಾಹನವನ್ನು ಗೊತ್ತುಮಾಡಿ, ಅದರ ಬಾಡಿಗೆಯನ್ನು ಕೂಲಿಯಲ್ಲಿ ಮುರಿದುಕೊಳ್ಳದೆ ಬೇರೆಯಾಗಿ ಕೊಡಿ.