ಟಿಕ್ ರೆಕಾರ್ಡರ್: ಆರನೆಯ ವಾರದ ಟಿಪ್ಪಣಿ

ಕುವೆಂಪುನಗರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಕೂರಿಸಿರುವ ಹಳೆಯ ಲ್ಯಾಪ್‌ಟಾಪ್, ಷೇರುಪೇಟೆ ತೆರೆಯುವ ಬೆಳಿಗ್ಗೆ 9:15ರಿಂದ ಮುಚ್ಚುವ ಮಧ್ಯಾಹ್ನ 3:30ರವರೆಗೆ, ನಿಫ್ಟಿ ಸೂಚ್ಯಂಕದ 50 ಷೇರುಗಳ ಬೆಲೆಯನ್ನು ಬ್ರೋಕರ್‌ನ ವೆಬ್‌ಸಾಕೆಟ್ (ಸದಾ ತೆರೆದಿರುವ ಇಂಟರ್ನೆಟ್ ಸಂಪರ್ಕ) ಮೂಲಕ ಪಡೆದು ಫೈಲಿಗೆ ಬರೆಯುತ್ತಿದೆ. ಹಗಲಿನಲ್ಲಿ ಬರೆದದ್ದನ್ನು ಸಂಜೆ ಮತ್ತೆ ಓಡಿಸಿದಾಗ, ನನ್ನ ಪ್ರೋಗ್ರಾಮ್ ಹಗಲಿನಲ್ಲಿ ಕೊಟ್ಟ ‘ಕೊಳ್ಳು’, ‘ಮಾರು’ ಎಂಬ ಸಂಕೇತಗಳನ್ನೇ ಆಗಲೂ ಕೊಡಬೇಕು. ಕೆಲಸದ ಗುರಿ ಇಷ್ಟೇ. ಹಣ ಹಾಕುವ ಮಾತು ಸದ್ಯಕ್ಕಿಲ್ಲ.

ಪ್ರತಿ ಟಿಕ್ಕನ್ನೂ, ಅಂದರೆ ಬಂದು ತಲುಪುವ ಒಂದೊಂದು ಬೆಲೆಯ ಸುದ್ದಿಯನ್ನೂ, ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನಲ್ಲಿ ಒಂದೊಂದಾಗಿ ಕಮಿಟ್ ಮಾಡುತ್ತಿದ್ದ (ಡಿಸ್ಕಿಗೆ ಖಾಯಂ ಬರೆಯುತ್ತಿದ್ದ) ಮೊದಲ ವ್ಯವಸ್ಥೆಯನ್ನು, ಡಿಸ್ಕ್ ಏದುಸಿರು ಬಿಡತೊಡಗಿದ್ದರಿಂದ ಕೈಬಿಟ್ಟೆ. ಈಗ ಒಂದು ದಾಖಲೆಗೆ 32 ಬೈಟ್: ನನ್ನ ಯಂತ್ರಕ್ಕೆ ತಲುಪಿದ ಸಮಯಕ್ಕೆ 8, ಷೇರು ವಿನಿಮಯ ಕೇಂದ್ರ ಹಾಕಿದ ಸಮಯಕ್ಕೆ 4, ಷೇರಿನ ಸಂಖ್ಯೆಗೆ 4, ಬೆಲೆಗೆ 4, ಕೊನೆಯ ವಹಿವಾಟಿನ ಪ್ರಮಾಣಕ್ಕೆ 4, ದಿನದ ಒಟ್ಟು ಪ್ರಮಾಣಕ್ಕೆ 8. ಐದು ಪೈಸೆಯನ್ನು ದ್ವಿಮಾನ ಭಿನ್ನರಾಶಿಯಲ್ಲಿ ನಿಖರವಾಗಿ ಬರೆಯಲಾಗದ ಕಾರಣ, ಬೆಲೆಯನ್ನು ರೂಪಾಯಿಯಲ್ಲಿಡದೆ ಪೈಸೆಯ ಪೂರ್ಣಾಂಕವಾಗಿ ಇಟ್ಟಿದ್ದೇನೆ. 50 ಷೇರುಗಳಿಗೆ ಸೆಕೆಂಡಿಗೊಂದರಂತೆ ದಾಖಲೆ ಬಂದರೂ 22,500 ಸೆಕೆಂಡುಗಳ ಇಡೀ ದಿನ 36 ಎಂಬಿಯಲ್ಲಿ ಮುಗಿಯುತ್ತದೆ.

ಮಂಗಳವಾರ ಹನ್ನೊಂದೂವರೆಯ ಹೊತ್ತಿಗೆ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆ; ಯುಪಿಎಸ್‌ಗೆ ಜೋಡಿಸಿದ್ದೇನೆಂದು ನಾನು ನಂಬಿಕೊಂಡಿದ್ದ ಪ್ಲಗ್ಗು ಗೋಡೆಯ ಸಾಕೆಟ್ಟಿನಲ್ಲೇ ಇತ್ತು. ಸಂಜೆ ಮರುಓಟ ಶುರುಮಾಡಿದರೆ, ಆ ಹೊತ್ತಿನವರೆಗೆ ಸರಿಯಾಗಿದ್ದ ಬೆಲೆಗಳು ಅಲ್ಲಿಂದ ಮುಂದೆ ಕೋಟಿಗಳಿಗೆ ಹಾರಿದವು. ಫೈಲನ್ನು ಬಿಚ್ಚಿ ನೋಡಿದಾಗ ಕಂಡದ್ದು: ಕರೆಂಟ್ ಹೋದ ಗಳಿಗೆಯಲ್ಲಿ ಕೊನೆಯ ದಾಖಲೆಯ 20 ಬೈಟ್ ಮಾತ್ರ ಡಿಸ್ಕಿಗೆ ಇಳಿದಿದ್ದವು, ಕರೆಂಟ್ ಬಂದ ಮೇಲೆ ಪ್ರೋಗ್ರಾಮ್ ಅದರ ಬೆನ್ನಿಗೇ ಹೊಸ ದಾಖಲೆಗಳನ್ನು ಅಂಟಿಸುತ್ತಾ ಹೋಗಿತ್ತು. ಒಂದು ಗುಂಡಿಯನ್ನು ತಪ್ಪಾದ ಕಾಜಕ್ಕೆ ಹಾಕಿದ ಅಂಗಿಯಂತೆ ಮುಂದಿನದೆಲ್ಲ ಸರಿದಿತ್ತು. ಈಗ ಪ್ರೋಗ್ರಾಮ್ ಎದ್ದ ಕೂಡಲೇ ಫೈಲಿನ ಗಾತ್ರವನ್ನು 32ರಿಂದ ಭಾಗಿಸಿ, ಶೇಷ ಉಳಿದರೆ ಆ ಬಾಲವನ್ನು ಕತ್ತರಿಸುತ್ತದೆ. ಜೊತೆಗೆ ಇಷ್ಟು ಹೊತ್ತು ಏನೂ ದಾಖಲಾಗಲಿಲ್ಲ ಎಂದು ಹೇಳುವ ಒಂದು ಗುರುತಿನ ದಾಖಲೆಯನ್ನೂ ಬರೆಯುತ್ತದೆ. ಆ ಗುರುತಿಲ್ಲದಿದ್ದರೆ, ಮರುಓಟದಲ್ಲಿ ಪೇಟೆ ಅಲುಗಾಡದೆ ನಿಂತಿತ್ತೆಂದೇ ಪ್ರೋಗ್ರಾಮ್ ತಿಳಿಯುತ್ತದೆ.

ಇದಕ್ಕಿಂತ ಹೆಚ್ಚು ತಲೆ ತಿಂದದ್ದು ಗಡಿಯಾರ. ಹತ್ತು ಪಟ್ಟು ವೇಗದಲ್ಲಿ ಓಡಿಸಿದರೆ ಇಡೀ ದಿನ ಮೂವತ್ತೇಳೂವರೆ ನಿಮಿಷದಲ್ಲಿ ಮುಗಿಯಬೇಕು, ಮುಗಿಯುತ್ತಲೂ ಇತ್ತು. ಆದರೆ 375 ಇರಬೇಕಾದ ಒಂದು ನಿಮಿಷದ ಕ್ಯಾಂಡಲ್‌ಗಳು (ಆ ನಿಮಿಷದ ಮೊದಲ, ಗರಿಷ್ಠ, ಕನಿಷ್ಠ, ಕೊನೆಯ ಬೆಲೆಗಳ ಸಾರ) 38 ಮಾತ್ರ ಬಂದವು. ಕ್ಯಾಂಡಲ್ ಕಟ್ಟುವ ಭಾಗ ದಾಖಲೆಯ ಸಮಯವನ್ನು ಕೇಳದೆ ನೇರವಾಗಿ ಯಂತ್ರದ ಗಡಿಯಾರವನ್ನೇ ನೋಡುತ್ತಿತ್ತು. ಈಗ ಎಲ್ಲ ಭಾಗಗಳಿಗೂ ಸಮಯವನ್ನು ಹೊರಗಿನಿಂದಲೇ ಕೊಡುತ್ತಿದ್ದೇನೆ. ಟಿಕ್‌ಗಳನ್ನು ವಿನಿಮಯ ಕೇಂದ್ರದ ಸಮಯದಂತೆ ಜೋಡಿಸುವ ಆಸೆಯನ್ನೂ ಬಿಟ್ಟೆ: ತಡವಾಗಿ ತಲುಪಿದ ಟಿಕ್ಕನ್ನು ಅದರ ‘ಸರಿಯಾದ’ ಜಾಗಕ್ಕೆ ಕೂರಿಸಿದರೆ, ಹಗಲಿನಲ್ಲಿ ನನಗೆ ಗೊತ್ತೇ ಇರದಿದ್ದ ಬೆಲೆಯನ್ನು ಪ್ರೋಗ್ರಾಮ್ ಮೊದಲೇ ತಿಳಿದಂತಾಗುತ್ತದೆ.

ಇನ್ನು, ಟಿಕ್ ಎಂದು ನಾನು ಕರೆಯುತ್ತಿರುವುದು ಪ್ರತಿ ವಹಿವಾಟಿಗೂ ಒಂದರಂತೆ ಬರುವ ನಿಜವಾದ ಟಿಕ್ ಅಲ್ಲ. ಒಂದು ಸಾಲಿನಲ್ಲಿ ಕೊನೆಯ ವಹಿವಾಟು 10 ಷೇರು ಎಂದಿದ್ದರೂ ದಿನದ ಒಟ್ಟು ಪ್ರಮಾಣ ಹಿಂದಿನ ಸಾಲಿಗಿಂತ 340 ಹೆಚ್ಚಿತ್ತು. ಅಂದರೆ ನಡುವಿನ 330 ಷೇರುಗಳ ವಹಿವಾಟು ನನ್ನ ಕಣ್ಣಿಗೆ ಬಿದ್ದೇ ಇಲ್ಲ, ಬಂದದ್ದು ಆ ಗಳಿಗೆಯ ಚಿತ್ರ ಮಾತ್ರ. ಆದ್ದರಿಂದ ನನ್ನ ಕ್ಯಾಂಡಲ್‌ಗಳ ಗರಿಷ್ಠ, ಕನಿಷ್ಠ ಬೆಲೆಗಳು ಬ್ರೋಕರ್‌ನ ಚಾರ್ಟಿಗೆ ಕೆಲವೊಮ್ಮೆ ಹೊಂದುವುದಿಲ್ಲ. ಅವನ್ನು ತಿದ್ದಲು ಹೋಗಿಲ್ಲ.

ಶುಕ್ರವಾರದ ಮರುಓಟದಲ್ಲಿ ಹಗಲಿನ 14 ಸಂಕೇತಗಳ ಪೈಕಿ 13 ಹೊಂದಿದವು. ಉಳಿದ ಒಂದು 9:15ರ ಮೊದಲ ನಿಮಿಷದ್ದು. ವೆಬ್‌ಸಾಕೆಟ್ ಜೋಡಣೆಯಾದ ತಕ್ಷಣ ಬರುವ ಹಿಂದಿನ ದಿನದ ಬೆಲೆಯನ್ನು ಪ್ರೋಗ್ರಾಮ್ ಹೊಸ ಟಿಕ್ ಎಂದು ಎಣಿಸುತ್ತಿದೆಯೇ ಎಂಬ ಅನುಮಾನವಿದೆ. ಸೋಮವಾರ ಆ ಮೊದಲ ಪ್ಯಾಕೆಟ್ಟನ್ನು ಬಂದದ್ದು ಬಂದಂತೆ ಬೇರೆ ಫೈಲಿಗೆ ಬರೆಸುತ್ತೇನೆ. ಪ್ಲಗ್ಗು ಈಗ ಯುಪಿಎಸ್‌ನಲ್ಲೇ ಇದೆ.